ಜಿಮ್‌ಖಾನಾದ ಮಾಮಾ

ಗೂಳಪ್ಪನ ಎರಡೂ ಕಿವಿಗಳು ಒಡೆದು ಒಣಗಿದ ಅಂಜೂರದ ಹಾಗೆ ಮುದುಡಿಕೊಂಡಿದ್ದವು. ಕುಸ್ತಿ ಆಡುವವರ ಕಿವಿಯೇ ಹಾಗೆ. ಎದುರಾಳಿಯ ತಲೆಗೂ ತೋಳಿಗೂ ಸಿಕ್ಕು ಉಜ್ಜಿ ಉಜ್ಜಿ ಒಳಗೆ ರಕ್ತ ಗಟ್ಟಿಯಾಗುತ್ತದೆ, ಆಮೇಲೆ ಅದು ಮೊದಲಿನಂತೆ ಆಗುವುದಿಲ್ಲ. ಆಳಂದದ ಕಡೆಯ ಅವನ ಹಳ್ಳಿಯಲ್ಲಿ ಗರಡಿಗೆ ಹೋಗುವ ಹುಡುಗ ಮೊದಲ ಸಲ ಕಿವಿ ಒಡೆದುಕೊಂಡು ಮನೆಗೆ ಬಂದರೆ ತಾಯಿ ಅಳುತ್ತಿದ್ದಳು, ತಂದೆ ಓಣಿಗೆ ಸಕ್ಕರೆ ಹಂಚುತ್ತಿದ್ದ. ಗೂಳಪ್ಪನ ತಂದೆಯೂ ಹಂಚಿದ್ದ. ತುಂಡು ಹೊಲದವನ ಮಗ ಪೈಲ್ವಾನನಾದ ಎಂಬುದಕ್ಕೆ ಆ ಕಿವಿಗಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

ಮೀಸೆ ಸರಿಯಾಗಿ ಮೂಡುವ ಮೊದಲೇ ಅವನು ಸೊಲ್ಲಾಪುರಕ್ಕೆ ಹೋದ. ಅಲ್ಲಿಂದ ಪುಣೆಯ ಒಂದು ತಾಲೀಮಿಗೆ ಬಂದ. ನಮ್ಮ ಕಡೆ ಗರಡಿ ಅನ್ನುವುದನ್ನೇ ಅಲ್ಲಿ ತಾಲೀಮು ಅನ್ನುತ್ತಾರೆ. ಹತ್ತಿಪ್ಪತ್ತು ಪೈಲ್ವಾನರು ಅಲ್ಲಿಯೇ ಉಂಡು, ಅಲ್ಲಿಯೇ ಮಲಗಿ, ಕುಸ್ತಿ ಬಿಟ್ಟು ಬೇರೆ ಏನನ್ನೂ ಮಾಡದೆ ಬದುಕುತ್ತಿದ್ದರು. ಗೂಳಪ್ಪ ಸಾತಾರಾ, ಸಾಂಗಲಿ, ಕೊಲ್ಹಾಪುರಗಳ ಮೈದಾನಗಳಲ್ಲಿ ಆಡಿ ಗೆದ್ದ ಇನಾಮಿನಲ್ಲಿ ಊರಿನ ಮನೆಗೆ ಮಾಳಿಗೆ ಹಾಕಿಸಿದ. ಕಟ್ಟಿಗೆ ವ್ಯಾಪಾರದ ಒಬ್ಬ ಸಾಹುಕಾರರು ಅವನ ಖುರಾಕಿನ ಭಾರ ಹೊತ್ತಿದ್ದರು. ದಿನಾ ಬೆಳಿಗ್ಗೆ ಅವರ ಗೌಳಿ ತಾಲೀಮಿಗೆ ಬಂದು ಹಾಲಿನ ಕ್ಯಾನನ್ನು ಗೂಳಪ್ಪನ ಹಾಸಿಗೆಯ ಪಕ್ಕದಲ್ಲಿ ಇಟ್ಟು ಹೋಗುತ್ತಿದ್ದ. ಬಾದಾಮಿ, ತುಪ್ಪ ಬೇರೆ ಬರುತ್ತಿದ್ದವು.

೧೯೭೧ರಲ್ಲಿ ಸಾತಾರಾ ಕಡೆಯ ಒಂದು ಮೈದಾನದಲ್ಲಿ ಅವನ ಬಲ ಮೊಣಕಾಲು ತಿರುಚಿತು. ಒಳಗೇನೋ ಹರಿದ ಸದ್ದು ಅವನಿಗೇ ಕೇಳಿಸಿತ್ತು. ತಾಲೀಮಿನಲ್ಲಿ ಕಾಲಿಗೆ ಪಟ್ಟಿ ಸುತ್ತಿಕೊಂಡು ಮಲಗಿದ್ದಾಗ ಒಂದು ಬೆಳಿಗ್ಗೆ ಗೌಳಿ ಎಂದಿನಂತೆ ಬಂದ. ಗೂಳಪ್ಪ ಎದ್ದು ಕೂತು ಲೋಟಕ್ಕೆ ಕೈ ಹಾಕಿದ. ಗೌಳಿ ಅವನ ಹಾಸಿಗೆಯನ್ನು ದಾಟಿ ಮುಂದೆ ಹೋಗಿ, ಆಚೆ ಮಲಗಿದ್ದ ಹೊಸ ಪೈಲ್ವಾನನ ತಲೆದೆಸೆಗೆ ಕ್ಯಾನು ಇಟ್ಟ. ಗೂಳಪ್ಪ ಲೋಟವನ್ನು ಹಾಸಿಗೆಯ ಕೆಳಗೆ ಸರಿಸಿದ.

ಹೆಂಡತಿ ತಿಪ್ಪವ್ವನನ್ನು ಊರಿನಿಂದ ಕರೆಸಿಕೊಂಡು ಪರ್ವತಿ ಗುಡ್ಡದ ಬುಡದಲ್ಲಿ ತಗಡಿನ ಗೂಡು ಹಾಕಿದ. ತಿಪ್ಪವ್ವನ ಅಣ್ಣ ಲಾಲಪ್ಪ ಭವಾನಿ ಪೇಠೆಯ ಬೆಲ್ಲದ ಅಡತಿ ಅಂಗಡಿಯಲ್ಲಿ ಹಮಾಲನಾಗಿದ್ದ. ಕಾಲು ನೆಲಕ್ಕೆ ಊರಲು ಬಂದ ಕೂಡಲೇ ಗೂಳಪ್ಪ ಅವನ ಜೊತೆ ಬೆಲ್ಲದ ಪೆಂಟೆ ಹೊರಲು ಹೋದ. ಭುಜಕ್ಕೆ ಭಾರ ದೊಡ್ಡದಲ್ಲ, ಮೆಟ್ಟಿಲು ಹತ್ತುವಾಗ ಮೊಣಕಾಲು ಕೈ ಕೊಡುತ್ತಿತ್ತು. "ಪೈಲ್ವಾನ, ಬೆಲ್ಲದ ಪೆಂಟಿ ಚಿತ್ ಮಾಡಬ್ಯಾಡ, ಅಡತ್ಯಾ ಪಗಾರ ಹಿಡೀತಾನ" ಎಂದು ಲಾಲಪ್ಪ ನಗುತ್ತಿದ್ದ.

ಅಲ್ಲಿಂದ ಅವನನ್ನು ಎತ್ತಿದವರು ಒಂದು ಕಾಲೇಜಿನ ಪ್ರಿನ್ಸಿಪಾಲರಾದ ಬಾಳಕೃಷ್ಣ ಸಾಹೇಬರು. ಕುಸ್ತಿಯ ಹುಚ್ಚಿನ ಮನುಷ್ಯ. ಗೂಳಪ್ಪನ ಒಂದೆರಡು ಕುಸ್ತಿಗಳನ್ನು ಮೈದಾನದಲ್ಲಿ ಕೂತು ನೋಡಿದ್ದವರು. ಹೇಳಿ ಕಳಿಸಿ, ಎದುರಿಗೆ ನಿಲ್ಲಿಸಿಕೊಂಡು ಮರಾಠಿಯಲ್ಲಿ ಕೇಳಿದರು: ನಮ್ಮ ಹುಡುಗರು ಓದುತ್ತಾರೆ, ಆದರೆ ಮೈಯಲ್ಲಿ ಹುರುಪಿಲ್ಲ. ಅವರಿಗೆ ತಾಕತ್ತು ಬರುವ ಹಾಗೆ ಮಾಡುತ್ತೀಯಾ?

"ಮಾಡತೀನ್ರಿ ಸಾಹೇಬ್ರ" ಎಂದು ಗೂಳಪ್ಪ ಕನ್ನಡದಲ್ಲಿಯೇ ಅಂದುಬಿಟ್ಟು, ನಾಲಿಗೆ ಕಚ್ಚಿಕೊಂಡು ಮರಾಠಿಯಲ್ಲಿ ಇನ್ನೊಮ್ಮೆ ಹೇಳಿದ.

ಸಾಹೇಬರು ನಕ್ಕರು. ವಸ್ತಾದ ಎಂಬ ಜಾಗ ಕಾಲೇಜಿನಲ್ಲಿ ಇಲ್ಲ, ಸದ್ಯಕ್ಕೆ ಸಿಪಾಯಿ, ಅಂದರೆ ಜವಾನನ ಜಾಗದಲ್ಲಿ ಹಾಕಿಕೊಳ್ಳುತ್ತೇನೆ, ಕೆಲಸ ಮಾತ್ರ ವಸ್ತಾದನದು ಎಂದರು. "ಪುಢೆ ಪಾಹೂ." ಮುಂದೆ ನೋಡೋಣ. ಕುಸ್ತಿ ಕಲಿಸುವ ಗುರುವಿಗೆ ವಸ್ತಾದ ಅನ್ನುತ್ತಾರೆ. ಗೂಳಪ್ಪನ ಕಿವಿಗೆ ಬಿದ್ದದ್ದು ಅದೊಂದೇ ಮಾತು. ಸಿಪಾಯಿ ಎಂಬುದು ಬಾಗಿಲಲ್ಲೇ ಉಳಿಯಿತು.

ಕಾಲೇಜಿನ ಹಿಂದೆ ಒಂದು ತಗಡಿನ ಶೆಡ್ಡಿತ್ತು. ಅದರಲ್ಲಿ ಗೂಳಪ್ಪ ತನ್ನ ಕೈಯಾರೆ ಅಖಾಡ ತೋಡಿದ. ಕೆಂಪು ಮಣ್ಣು ಜರಡಿ ಹಿಡಿದು, ಮಜ್ಜಿಗೆ, ಎಣ್ಣೆ, ಅರಿಶಿಣ, ನಿಂಬೆರಸ ಬೆರೆಸಿ ಹದ ಮಾಡಿದ. ಹಳೆ ಟ್ರಾಲಿಯ ಗಾಲಿಗಳನ್ನು ಕಬ್ಬಿಣದ ಸಲಾಕೆಗೆ ಸಿಕ್ಕಿಸಿ ಎತ್ತುವ ಭಾರ ಮಾಡಿದ. ಕಬಡ್ಡಿಯವನಿರಲಿ, ಗುಂಡು ಎಸೆಯುವವನಿರಲಿ, ಓಡುವವನಿರಲಿ, ಮೊದಲು ಅವನ ಮಣ್ಣಿಗೆ ಇಳಿದು ಸಾಮು ತೆಗೆಯಬೇಕು, ಹಗ್ಗ ಹತ್ತಬೇಕು. ಆಟದ ಪಟ್ಟು ಆಯಾ ಸರ್‌ಗಳದು, ತಾಕತ್ತು ಗೂಳಪ್ಪನದು.

ಮೊದಲ ದಿನ ಬೆಳಿಗ್ಗೆ ಒಬ್ಬ ಹುಡುಗ ಶೆಡ್ಡಿನ ಬಾಗಿಲಲ್ಲಿ ನಿಂತು, "ಮಾಮಾ, ಆತ ಯೇವೂ ಕಾ?" ಎಂದ. ಒಳಗೆ ಬರಲೇ ಎಂದು ಕೇಳಿದ್ದು. ಗೂಳಪ್ಪನ ಕೈಯಲ್ಲಿದ್ದ ಸನಿಕೆ ನಿಂತಿತು.

ಮಾಮಾ! ಅವನ ಕಡೆ ಮಾಮಾ ಎಂದರೆ ತಾಯಿಯ ಒಡಹುಟ್ಟಿದವನು. ಮಗುವಿನ ಜವಳ ತೆಗೆಯುವಾಗ ಅದನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವ ಹಕ್ಕು ಅವನದು. ಮದುವೆಯಲ್ಲಿ ಮೊದಲ ಕುಂಕುಮ ಅವನಿಗೆ. ಜಗಳವಾದರೆ ಕೊನೆಯ ಮಾತು ಅವನದು. ಹೆಸರು ಗೊತ್ತಿಲ್ಲದ ಓದಿದ ಮನೆಯ ಹುಡುಗ ಬಂದ ಮೊದಲ ದಿನವೇ ಮಾಮಾ ಅಂದ. ಹಿಂದೆ ಬಂದ ಎರಡನೆಯವನೂ ಹಾಗೇ ಅಂದ. ಸಂಜೆ ಮನೆಗೆ ಬಂದು ಅವನು ತಿಪ್ಪವ್ವನಿಗೆ ಹೇಳಿದ:

"ಭಾಳ ಸಂಸ್ಕಾರದ ಮಂದಿ ನೋಡ. ಹುಡುಗೂರು ನನಗ ಮಾಮಾ ಅಂತಾವ."

ತಿಪ್ಪವ್ವನಿಗೆ ಮಕ್ಕಳಿರಲಿಲ್ಲ. ಎರಡು ಹುಟ್ಟಿ ಹೋಗಿದ್ದವು. ಅವಳು ಒಲೆಗೆ ಕಟ್ಟಿಗೆ ಒತ್ತಿ, "ಹಂಗಾರ ಪಂಚಮಿಗಿ ಅಳ್ಯಾಗೋಳಿಗಿ ಉಂಡಿ ಕಟ್ಟಬೇಕಲ್ರಿ" ಎಂದಳು.

ಆ ಮಾತನ್ನು ಗೂಳಪ್ಪ ಮನಸ್ಸಿಗೆ ಹಚ್ಚಿಕೊಂಡು ದುಡಿದ. ಉಳುಕಿದ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ತಿಕ್ಕಿದ. ಹಸಿದು ಬಂದವನಿಗೆ ತನ್ನ ರೊಟ್ಟಿ ಮುರಿದು ಕೊಟ್ಟ. ಸಿಗರೇಟು ಸೇದಿದವನಿಗೆ ಸ್ವಂತ ಮಾಮಾನ ಅಧಿಕಾರದಿಂದಲೇ ಬೈದ. ಲಾಲಪ್ಪ ಮಾತ್ರ ಭೇಟಿಯಾದಾಗಲೆಲ್ಲ, "ಏನ್ ಪೈಲ್ವಾನ, ಅಳ್ಯಾಗೋಳು ಹುಷಾರ್ ಅದಾರ?" ಎಂದು ಕೇಳಿ, ತಂಬಾಕು ತಿಕ್ಕುತ್ತ ಬೇರೆ ಕಡೆ ಮುಖ ಮಾಡುತ್ತಿದ್ದ. ಆ ನಗೆ ಗೂಳಪ್ಪನಿಗೆ ತಿಳಿಯಲಿಲ್ಲ.

ಎರಡನೆಯ ವರ್ಷ ನಾಗಪಂಚಮಿಯ ದಿನ ಅಖಾಡದ ಪೂಜೆ. ತಿಪ್ಪವ್ವ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿ, ಬುಟ್ಟಿ ಹೊತ್ತು, ಇಳಕಲ್ ಸೀರೆಯುಟ್ಟು ಕಾಲೇಜಿಗೆ ಬಂದಳು. ಶೆಡ್ಡು ಹಿಂದಿದ್ದುದರಿಂದ ಇಡೀ ಕಾಲೇಜನ್ನು ದಾಟಿಕೊಂಡೇ ಹೋಗಬೇಕಿತ್ತು. ಹುಡುಗರು ಉಂಡಿ ತಿಂದರು, ಚೆನ್ನಾಗಿದೆ ಎಂದರು, ಕೈ ಒರೆಸಿಕೊಂಡು ಹೋದರು. ವಾಪಸು ಮನೆಗೆ ನಡೆಯುತ್ತ ಇಬ್ಬರೂ ಸ್ವಾರಗೇಟಿಗೆ ಬಂದರು. ಅಲ್ಲಿ ಬಸ್ಸುಗಳ ಗದ್ದಲದ ನಡುವೆ ತಿಪ್ಪವ್ವ ಕೇಳಿದಳು:

"ಅಲ್ರಿ, ಒಂದ್ ಮಾತ ಕೇಳ್ಲೇನು?"

"ಕೇಳ."

"ಗಂಟಿ ಹೊಡಿಯಾವಗೂ ಮಾಮಾ ಅಂದ್ರು. ನೀರ ತುಂಬಾವಗೂ ಮಾಮಾ ಅಂದ್ರು. ಆ ಕಸ ಹೊಡಿಯೋ ಮುದುಕಗೂ ಮಾಮಾ ಅಂತ ಒದರಿದ್ರು. ಈ ಹುಡುಗೂರ ಅವ್ವಗೋಳಿಗಿ ಎಷ್ಟ್ ಮಂದಿ ಅಣತಮ್ಮರು ಅದಾರ್ರಿ?"

ಗೂಳಪ್ಪನೂ ಅದನ್ನು ಕೇಳಿದ್ದ. ಆಫೀಸಿನ ಮುಂದೆ, ಪಡಸಾಲೆಯಲ್ಲಿ, ದಿನಾ ಕೇಳಿದ್ದ. ಕೇಳಿಯೂ ಒಳಗೆ ಬಿಟ್ಟುಕೊಂಡಿರಲಿಲ್ಲ. ಪುಣೆಯ ಸಾಲೆ ಕಾಲೇಜುಗಳಲ್ಲಿ ಸಿಪಾಯಿಯನ್ನು ಕರೆಯುವ ಮಾತೇ ಮಾಮಾ. ಹೆಸರು ನೆನಪಿಟ್ಟುಕೊಳ್ಳುವ ತ್ರಾಸು ಇರುವುದಿಲ್ಲ, ಅಷ್ಟೇ. ಅಂದು ಮನೆ ತಲುಪುವವರೆಗೆ ಅವನು ಖಾಲಿ ಬುಟ್ಟಿಯನ್ನು ತಾನೇ ಹಿಡಿದುಕೊಂಡು ನಡೆದ. ಮುಂದೆ ತಿಪ್ಪವ್ವ ಕಾಲೇಜಿಗೆ ಉಂಡಿ ಕಟ್ಟಲಿಲ್ಲ.

ಆ ದಿನದಿಂದ ಗೂಳಪ್ಪನಿಗೆ ಒಂದೇ ಆಸೆ ಹಿಡಿಯಿತು. ಆ ಕಾಂಪೌಂಡಿನೊಳಗೆ, ನಾಲ್ಕು ಮಂದಿಯ ಮುಂದೆ, ಯಾರಾದರೂ ತನ್ನನ್ನು ವಸ್ತಾದ ಎಂದು ಕರೆಯಬೇಕು. ಪಗಾರ ಹೆಚ್ಚಾಗಬೇಕೆಂದಲ್ಲ, ಕುರ್ಚಿ ಬೇಕೆಂದಲ್ಲ. ಮಾಡುವ ಕೆಲಸದ ಹೆಸರಿನಿಂದ ಕರೆದರೆ ಸಾಕಿತ್ತು. ಬಾಳಕೃಷ್ಣ ಸಾಹೇಬರ ಬಳಿ ಒಂದೆರಡು ಸಲ ಹೋದ. ಅವರು ಪ್ರೀತಿಯಿಂದ ಬೆನ್ನು ಚಪ್ಪರಿಸಿ, "ಪುಢೆ ಪಾಹೂ" ಎಂದರು.

ಮೋಹನದಾಸ್ ಬಂದದ್ದು ಆ ಮೇಲೆ. ಲಾಲಪ್ಪ ಹಮಾಲಿ ಮಾಡುತ್ತಿದ್ದ ಅದೇ ಅಡತಿಯ ಮಾಲಕರ ಮಗ. ಬಿಜಾಪುರದ ಕಡೆಯ ಮಂದಿ, ಮನೆಯಲ್ಲಿ ಕನ್ನಡ. ಹುಡುಗ ಬಡಕಲು. ಗಾಳಿ ಬಿಟ್ಟರೆ ಹಾರುವಂತಿದ್ದ. ಶೆಡ್ಡಿಗೆ ಬಂದವನು ಚಪ್ಪಲಿ ಹೊರಗೆ ಬಿಟ್ಟು, ಅಖಾಡದ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡು, "ನಮಸ್ಕಾರ್ರಿ ವಸ್ತಾದರ" ಎಂದ.

ಗೂಳಪ್ಪ ಕೈಯಲ್ಲಿದ್ದ ಸಲಾಕೆ ಕೆಳಗಿಟ್ಟ. "ಯಾರ ಹೇಳಿಕೊಟ್ರು ನಿನಗ?"

"ನಮ್ಮ ಅಂಗಡಿ ಲಾಲಪ್ಪ. ಹಂಗ ಅಂದ್ರ ನೀವು ಜೀವಾ ಕೊಡತೀರಂತ್ರಿ."

ಲಾಲಪ್ಪ ಹೇಳಿದ್ದು ಚೇಷ್ಟೆಗೆ ಇರಬಹುದು, ಆದರೆ ಅದು ನಿಜವೇ ಆಯಿತು. ಮೂರು ವರ್ಷ ಗೂಳಪ್ಪ ಆ ಹುಡುಗನಿಗೆ ಜೀವ ತೇಯ್ದ. ಇನ್ನು ಬಗ್ಗಲಾರದ ತನ್ನ ಮೊಣಕಾಲಿನ ಬದಲು ಅವನ ಮೊಣಕಾಲು ಬಗ್ಗಿಸಿದ. ಭಾರ ಎತ್ತುವುದರಲ್ಲಿ ಮೋಹನದಾಸ್ ಮೊದಲು ಕಾಲೇಜುಗಳ ನಡುವೆ ಗೆದ್ದ, ಕೊನೆಗೆ ಯುನಿವರ್ಸಿಟಿಯಲ್ಲಿ ಬಂಗಾರದ ಪದಕ ತಂದ. ಪದಕ ತಂದ ದಿನ ಶೆಡ್ಡಿಗೆ ಬಂದು ಗೂಳಪ್ಪನ ಕಾಲು ಹಿಡಿದು ಅತ್ತ.

"ವಸ್ತಾದರ, ನಾ ದೊಡ್ಡಾವ ಆದೆ ಅಂದ್ರ ತುಂಬಿದ ಸಭಾದಾಗ ನನ್ನ ಕೈಯಾರೆ ನಿಮಗ ಫೇಟಾ ಸುತ್ತತೀನ್ರಿ. ನೀವು ನೋಡ್ರಿ ಬೇಕಾದ್ರ."

ಗೆದ್ದ ಚೇಲಾ ವಸ್ತಾದನ ತಲೆಗೆ ಫೇಟಾ ಸುತ್ತುವುದು ಕುಸ್ತಿಯವರ ರಿವಾಜು. ಅದಕ್ಕಿಂತ ದೊಡ್ಡ ಗುರುದಕ್ಷಿಣೆ ಆ ಮಂದಿಯಲ್ಲಿ ಇಲ್ಲ. ಆದರೆ ಆ ಕಣ್ಣೀರಿನ ಮರುದಿನವೇ, ಆಫೀಸಿನ ಮುಂದೆ ಪ್ರೊಫೆಸರರ ನಡುವೆ ನಿಂತಿದ್ದ ಮೋಹನದಾಸ್ ಗೂಳಪ್ಪನನ್ನು ಕಂಡು ಮರಾಠಿಯಲ್ಲಿ, "ಮಾಮಾ, ಶೆಡ್ಡಿನ ಬೀಗ ತೆಗೆದಿರಾ?" ಎಂದ. ಮಣ್ಣಿನಲ್ಲಿ ಕನ್ನಡ, ಹೊರಗೆ ಮರಾಠಿ. ಮಣ್ಣಿನಲ್ಲಿ ವಸ್ತಾದ, ಹೊರಗೆ ಮಾಮಾ. ಹುಡುಗನಿಗೆ ಎರಡೂ ಭಾಷೆಯಲ್ಲಿ ಮಾಮಾ ಎಂಬ ಶಬ್ದದ ಬೆಲೆ ಗೊತ್ತಿತ್ತು. ಗೂಳಪ್ಪ ಇದನ್ನು ವಯಸ್ಸಿನ ನಾಚಿಕೆ ಎಂದು ತಿಳಿದು ಬಿಟ್ಟುಬಿಟ್ಟ.

ಬಾಳಕೃಷ್ಣ ಸಾಹೇಬರು ನಿವೃತ್ತರಾದರು. ಅವರ 'ಪುಢೆ ಪಾಹೂ' ಕೂಡ ಅವರ ಜೊತೆ ಟಾಂಗಾ ಹತ್ತಿ ಹೋಯಿತು. ಅದಾದ ಮೇಲೆ ಕಾಲೇಜಿಗೆ ದೈಹಿಕ ಶಿಕ್ಷಣದ ಜಾಗ ಮಂಜೂರಾಯಿತು, ಆದರೆ ಅದಕ್ಕೆ ಪದವಿ ಬೇಕಿತ್ತು. ಗೂಳಪ್ಪ ನಾಲ್ಕನೆಯ ಇಯತ್ತೆಯನ್ನೂ ಮುಗಿಸಿದವನಲ್ಲ. ಮೋಹನದಾಸ್ ಹೊರಗೆ ಹೋಗಿ ದೈಹಿಕ ಶಿಕ್ಷಣದ ಪದವಿ ಮುಗಿಸಿದ. ೧೯೮೩ರಲ್ಲಿ ಅದೇ ಜಾಗಕ್ಕೆ ಸಾಹೇಬನಾಗಿ ಬಂದ.

ಆ ಸುದ್ದಿ ಕೇಳಿ ಗೂಳಪ್ಪ ಓಣಿಗೆ ಪೇಢೆ ಹಂಚಿದ.

"ನಿಮಗ ನೌಕರಿ ಬಂದಂಗ ಹಂಚಾಕತ್ತೀರಲ್ಲ" ಎಂದಳು ತಿಪ್ಪವ್ವ.

"ನನ್ನ ಚೇಲಾ ಬಂದ ಅಂದ್ರ ನಾ ಬಂದಂಗ. ಅಂವಾ ನಮ್ಮ ಭಾಷಾದಾವ. ಇನ್ನ ಮ್ಯಾಲ ನೋಡ."

ಬಂದ ವಾರದಲ್ಲಿಯೇ ಮೋಹನದಾಸ್ ಸರ್ ಶೆಡ್ಡಿಗೆ ಬಂದು, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಹೇಳಿದ: "ವಸ್ತಾದರ, ನೀವು ಇನ್ನ ಖಾಕಿ ಹಾಕೋಬೇಕಾಗ್ತದ್ರಿ. ಪ್ರಿನ್ಸಿಪಾಲ್ರು ಕೇಳಾಕತ್ತಾರ. ಮಂದಿ ಮುಂದ ನಾ ಏನರ ಅಂದ್ರ ಮನಸಿಗಿ ಹಚ್ಕೋಬ್ಯಾಡ್ರಿ."

ಗೂಳಪ್ಪ ಖಾಕಿ ಹಾಕಿದ. ಮೋಹನದಾಸ್ ಬಂದ ಮೇಲೆ ಹುಡುಗರು ಮಣ್ಣಿಗೆ ಇಳಿಯುವುದು ಕಡಿಮೆಯಾಯಿತು. ಕ್ರಮೇಣ ಗೂಳಪ್ಪನ ಪಾಲಿಗೆ ಸಲಾಕೆ ಒರೆಸುವುದು, ನೀರು ಚಿಮುಕಿಸುವುದು ಉಳಿಯಿತು. ಒಂದು ಬೇಸಿಗೆ ರಜೆಯಲ್ಲಿ ಲಾರಿ ಬಂದು ಅಖಾಡದೊಳಗೆ ಕಲ್ಲುಪುಡಿ ಸುರಿಯಿತು. ಅದರ ಮೇಲೆ ಕಾಂಕ್ರೀಟು ಬಂತು. ಜಿಮ್‌ಖಾನಾ ಎಂಬ ಹೊಸ ಕಟ್ಟಡ, ಹೊಳೆಯುವ ಯಂತ್ರಗಳು, ಗೋಡೆ ತುಂಬ ಕನ್ನಡಿ. ಆ ಮಣ್ಣಿಗೆ ಎಷ್ಟು ಮಜ್ಜಿಗೆ, ಎಷ್ಟು ಅರಿಶಿಣ ಹೋಗಿತ್ತು ಎಂಬುದು ಗೂಳಪ್ಪನೊಬ್ಬನಿಗೆ ಗೊತ್ತು. ಅವನು ಬಾಯಿ ಬಿಡಲಿಲ್ಲ. ಯಾಕೆಂದರೆ ಮೋಹನದಾಸ್ ಅವನಿಗೆ ಒಂದು ಮಾತು ಹೇಳಿದ್ದ.

"ಉದ್ಘಾಟನಾ ದಿನ ಚಂದ ಅರಿವಿ ಹಾಕ್ಕೊಂಡ ಬರ್ರಿ ವಸ್ತಾದರ. ಸ್ಟೇಜಿನ ಬಾಜೂಕ ನಿಂದರ್ರಿ. ಫೇಟಾ ಸುತ್ತೂ ಕಾರ್ಯಕ್ರಮ ಅದ, ನಾ ಕರೀತೀನಿ."

ಮನೆಗೆ ಬಂದ ಕೂಡಲೇ ಗೂಳಪ್ಪ ಇದನ್ನು ತಿಪ್ಪವ್ವನಿಗೆ ಹೇಳಿದ. ಏಳೆಂಟು ವರ್ಷದ ಹಿಂದಿನ ಮಾತನ್ನು ಹುಡುಗ ಮರೆತಿಲ್ಲ! ತಿಪ್ಪವ್ವ ಧೋತರಕ್ಕೆ ನೀಲಿ ಹಾಕಿ ಒಣಗಿಸುತ್ತ, "ಅಂವಾ ಏನಂದ? ನಿಮಗ ಸುತ್ತತೀನಿ ಅಂದನೇನು?" ಎಂದು ಕೇಳಿದಳು.

"ಕರೀತೀನಿ ಅಂದ."

"ಕರೀತೀನಿ ಅಂದಾನ. ಸುತ್ತತೀನಿ ಅಂದಿಲ್ಲ."

"ನಿನಗ ತಾಲೀಮದ ರಿವಾಜ ಗೊತ್ತಿಲ್ಲ, ಸುಮ್ಮ ಇರು" ಎಂದು ಗೂಳಪ್ಪ ರೇಗಿದ. ಅವಳು ಧೋತರವನ್ನು ಎರಡನೆಯ ಸಲ ಜಾಡಿಸಿ ಹಾಕಿದಳು.

ಸಮಾರಂಭದ ದಿನ ಅವನು ಎಣ್ಣೆ ಹಚ್ಚಿ ಸ್ನಾನ ಮಾಡಿ, ಬಿಳಿ ಧೋತರ, ಬಿಳಿ ಅಂಗಿ ತೊಟ್ಟು, ತಲೆಗೆ ಎಂದಿನ ರುಮಾಲನ್ನೂ ಸುತ್ತದೆ ಹೋದ. ಊರಿನಿಂದ ಬಂದ ಮೇಲೆ ಬರಿದಲೆಯಲ್ಲಿ ಹೊರಗೆ ಹೋದದ್ದು ಅದೇ ಮೊದಲು. ಫೇಟಾಕ್ಕೆ ತಲೆ ಬರಿದಾಗಿರಬೇಕಲ್ಲ. ಜಿಮ್‌ಖಾನಾದ ಮುಂದೆ ಶಾಮಿಯಾನ, ಕುರ್ಚಿ ತುಂಬ ಮಂದಿ. ವೇದಿಕೆಯ ಮೇಲೆ ಅತಿಥಿಗಳು ಸಾಲಾಗಿ ಕೂತಿದ್ದರು. ಪಕ್ಕದ ಮೇಜಿನ ಮೇಲೆ ಹಿತ್ತಾಳೆಯ ತಾಟಿನಲ್ಲಿ ಕೇಸರಿ ಬಣ್ಣದ ಫೇಟಾಗಳನ್ನು ಜೋಡಿಸಿದ್ದರು. ಮೋಹನದಾಸ್ ಮೈಕಿನ ಮುಂದೆ ನಿಂತು ತನ್ನ ಜೀವನದ ಕತೆ ಹೇಳಿದ. ಬಡಕಲು ಹುಡುಗ ಹೇಗೆ ಬಂಗಾರ ಗೆದ್ದ, ಹಠ, ಪರಿಶ್ರಮ, ಶಿಸ್ತು, ತಂದೆಯ ಆಶೀರ್ವಾದ. ಈ ಕಾಲೇಜಿನಲ್ಲಿ ಆಗ ಏನೂ ಇರಲಿಲ್ಲ, ಒಂದು ಮಣ್ಣಿನ ಗುಂಡಿ ಇತ್ತು ಎಂದ. ಮಂದಿ ನಕ್ಕರು. ಗೂಳಪ್ಪನೂ ನಕ್ಕ. ಈಗ ಹೇಳುತ್ತಾನೆ, ಗುಂಡಿ ತೋಡಿದವನ ಹೆಸರು ಈಗ ಬರುತ್ತದೆ ಎಂದು ಕಾದ.

"ಮಾಮಾ, ವರ ಯಾ" ಎಂದ ಮೋಹನದಾಸ್. ಮೇಲೆ ಬನ್ನಿ.

ಗೂಳಪ್ಪ ಮೆಟ್ಟಿಲು ಹತ್ತಿದ. ಮೊಣಕಾಲು ಕಟಕಟ ಅಂದಿತು. ಮೋಹನದಾಸ್ ತಾಟಿನ ಕಡೆ ತಿರುಗಿದ್ದ. ಗೂಳಪ್ಪ ಅವನ ಎದುರಿಗೆ ಹೋಗಿ, ಎರಡೂ ಕೈ ಜೋಡಿಸಿ, ತನಗಿಂತ ಗಿಡ್ಡನಾದ ಚೇಲಾನಿಗೆ ಎಟುಕುವ ಹಾಗೆ ತಲೆ ಬಗ್ಗಿಸಿದ.

ಬಗ್ಗಿಸಿದ ತಲೆಯ ಮುಂದೆ, ಎದೆಯ ಮಟ್ಟಕ್ಕೆ, ತಾಟು ಬಂತು.

"ಧರಾ" ಎಂದ ಮೋಹನದಾಸ್. ಹಿಡಿದುಕೊಳ್ಳಿ.

ಒಂದು ಗಳಿಗೆ ಗೂಳಪ್ಪನಿಗೆ ತಿಳಿಯಲಿಲ್ಲ. ತಲೆ ಬಗ್ಗಿಸಿಯೇ ನಿಂತ. ಮುಂದಿನ ಸಾಲಿನಲ್ಲಿ ಯಾರೋ, "ಮಾಮಾನಿಗೂ ಒಂದು ಸುತ್ತಿಬಿಡಿ ಸರ್, ತಲೆ ತಯಾರು ಇದೆ" ಎಂದು ಮರಾಠಿಯಲ್ಲಿ ಕೂಗಿದರು. ಇಡೀ ಶಾಮಿಯಾನ ನಕ್ಕಿತು. ಮೋಹನದಾಸ್‌ನ ಮುಖ ಕೆಂಪಾಯಿತು. ಅವನು ತಗ್ಗಿದ ಧ್ವನಿಯಲ್ಲಿ, ಈ ಸಲ ಕನ್ನಡದಲ್ಲಿ, "ಏನ್ ಮಾಡಾಕತ್ತೀರಿ? ಹಿಡೀರಿ" ಎಂದ.

ಗೂಳಪ್ಪ ತಾಟು ಹಿಡಿದ. ಮಂತ್ರಿಗಳ ಕಡೆಯವರಿಗೆ ಒಂದು, ಸಂಸ್ಥೆಯ ಅಧ್ಯಕ್ಷರಿಗೆ ಒಂದು, ಯಂತ್ರ ಮಾರಿದ ಕಂಪನಿಯವನಿಗೆ ಒಂದು. ಮೋಹನದಾಸ್ ಸುತ್ತುತ್ತ ಹೋದ, ಗೂಳಪ್ಪ ಹಿಂದೆ ಹಿಂದೆ ಹೋದ. ಖಾಲಿ ತಾಟನ್ನು ಮೇಜಿನ ಮೇಲೆ ಇಟ್ಟು ಕೆಳಗೆ ಇಳಿದ.

ಸಂಜೆ ಮಂದಿ ಚದುರಿದ ಮೇಲೆ ಕುರ್ಚಿ ಒಳಗಿಟ್ಟು ಜಿಮ್‌ಖಾನಾಕ್ಕೆ ಬೀಗ ಹಾಕುವ ಹೊತ್ತಿಗೆ ಮೋಹನದಾಸ್ ಬಂದ. ಅತಿಥಿಗಳ ಮುಂದೆ ಭಾರ ಎತ್ತಿ ತೋರಿಸಲು ಹೋಗಿ ಭುಜ ಹಿಡಿದಿತ್ತು. ಸುತ್ತ ಯಾರೂ ಇರಲಿಲ್ಲ.

"ವಸ್ತಾದರ, ಸಿಟ್ಟ ಆಗಬ್ಯಾಡ್ರಿ. ದೊಡ್ಡ ಮಂದಿ ಕಾರ್ಯಕ್ರಮ, ನನ್ನ ಕೈಯಾಗ ಏನದ? ಇಲ್ಲಿ ಸ್ವಲ್ಪ ಎಣ್ಣಿ ಹಚ್ಚಿ ತಿಕ್ಕರಿ, ಕೈ ಮ್ಯಾಲ ಎತ್ತಾಕ ಬರವಲ್ತು."

ಗೂಳಪ್ಪ ಅವನ ಭುಜವನ್ನು ನೋಡಿದ. ಎಲ್ಲಿ ಹೆಬ್ಬೆರಳು ಊರಬೇಕು ಎಂದು ಕೈಗೆ ತಾನಾಗಿಯೇ ಗೊತ್ತಿತ್ತು. ಆ ಭುಜ ಅವನೇ ಮಾಡಿದ್ದು. ಬೀಗದ ಕೈ ತಿರುಗಿಸಿ, ಒಮ್ಮೆ ಜಗ್ಗಿ ನೋಡಿ, ಮೋಹನದಾಸ್‌ನ ಜೊತೆ ಮೊದಲ ಬಾರಿ ಮರಾಠಿಯಲ್ಲಿ ಮಾತಾಡಿದ.

"ಸರ್, ಮಾಮಾಚೀ ಡ್ಯೂಟಿ ಸಂಪಲೀ." ಮಾಮಾನ ಡ್ಯೂಟಿ ಮುಗಿಯಿತು.

ಬೀಗದ ಕೈಯನ್ನು ಸರ್ ಎದುರಿನ ಕಟ್ಟೆಯ ಮೇಲೆ ಇಟ್ಟು ಗೇಟಿನ ಕಡೆ ನಡೆದ. ಮನೆಯಲ್ಲಿ ತಿಪ್ಪವ್ವ ಬಾಗಿಲಿಗೆ ಬಂದು ಅವನ ಬರಿದಲೆಯನ್ನು ನೋಡಿದಳು. ಗೂಟದ ಮೇಲಿದ್ದ ಅವನ ಹಳೆಯ ರುಮಾಲು ತಂದು ಕೈಗೆ ಕೊಟ್ಟಳು.

ಗೂಳಪ್ಪ ನೌಕರಿ ಬಿಡಲಿಲ್ಲ. ಬಿಟ್ಟು ಹೋಗಲು ಜಾಗವಿರಲಿಲ್ಲ. ಭಾರ ಹೊರುವ ಮೊಣಕಾಲೂ ಇರಲಿಲ್ಲ. ಬೆಳಿಗ್ಗೆ ಜಿಮ್‌ಖಾನಾದ ಬಾಗಿಲು ತೆಗೆದು, ಕನ್ನಡಿ ಒರೆಸಿ, ಯಂತ್ರಗಳಿಗೆ ಎಣ್ಣೆ ಬಿಟ್ಟು, ಸಂಜೆ ಬಾಗಿಲು ಹಾಕುತ್ತಿದ್ದ. ಯಾವ ಹುಡುಗನ ಮೈಗೂ ಕೈ ಹಚ್ಚಲಿಲ್ಲ. ಒಬ್ಬ ತಪ್ಪಾಗಿ ಬಗ್ಗಿ ಸೊಂಟ ಹಿಡಿದುಕೊಂಡು ಕೂತರೂ ಪಕ್ಕದಲ್ಲಿ ನೆಲ ಒರೆಸಿಕೊಂಡು ಹೋಗುತ್ತಿದ್ದ. ಇದು ಅವನಿಗೆ ಸುಖ ಕೊಟ್ಟಿತು ಎಂದಲ್ಲ. ಎಷ್ಟೋ ಸಲ ಕೈ ಮುಂದೆ ಹೋಗಿ, ಅರ್ಧದಲ್ಲಿ ನಿಂತು, ಒರೆಸುವ ಬಟ್ಟೆಗೆ ವಾಪಸು ಬರುತ್ತಿತ್ತು.

೧೯೮೮ರ ಮಳೆಗಾಲದಲ್ಲಿ ಕಾಲೇಜಿಗೆ ಹೊಸದಾಗಿ ಬಂದ ಒಬ್ಬ ಹುಡುಗ ಯಂತ್ರದ ಮೇಲೆ ಕೂತು ಬೆವರು ಒರೆಸಿಕೊಳ್ಳುತ್ತ ಅವನನ್ನೇ ನೋಡುತ್ತಿದ್ದ.

"ಮಾಮಾ, ನಿಮ್ಮ ಕಿವಿ ಹೀಗೆ ಯಾಕಿದೆ? ಏನಾಗಿತ್ತು?"

ಹುಡುಗ ಕೇಳಿದ್ದು ಗೇಲಿಗಲ್ಲ, ನಿಜವಾಗಿಯೂ ತಿಳಿಯಬೇಕೆಂದು. ಗೂಳಪ್ಪ ಎದುರಿನ ಕನ್ನಡಿಯಲ್ಲಿ ತನ್ನ ಕಿವಿಗಳನ್ನು ನೋಡಿಕೊಂಡ. ತಂದೆ ಓಣಿಗೆ ಸಕ್ಕರೆ ಹಂಚಿದ್ದ ಕಿವಿಗಳು.

"ಏನೂ ಆಗಿಲ್ಲ" ಎಂದ ಮರಾಠಿಯಲ್ಲಿ. "ಹುಟ್ಟಿದಾಗಿನಿಂದ ಹೀಗೇ."

ಹಾಗಂದು ಕನ್ನಡಿಯ ಆ ಭಾಗವನ್ನು ಒರೆಸಿ ಮುಂದಕ್ಕೆ ಹೋದ.